ಎರಡು ಬಾಯಿಯ, ಹೊಟ್ಟೆಯಿಲ್ಲದ ತೋಳುಬುಟ್ಟಿ

ಒಂದಾನೊಂದು ಊರಿನಲ್ಲಿ ಜನರಿಗೆ ಒಂದೇ ಒಂದು ವಿದ್ಯೆ ಬರುತ್ತಿತ್ತು. ಜಗ್ಗುವುದು. ಊರು ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ, ಕತೆ ಮುಗಿಯುವ ಹೊತ್ತಿಗೆ ಅದು ಇದ್ದ ಜಾಗದಲ್ಲಿ ಇರುವುದಿಲ್ಲ. ಹೆಸರು ಜಗ್ಗಾಪುರ. ಎಲ್ಲಿ, ಹೂಂ ಅನ್ನಿ. ಹೂಂ ಅನ್ನದೆ ಕತೆ ಕೇಳಿದವರ ಮನೆಯ ಹಾಲು ಒಡೆಯುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ.

ಜಗ್ಗಾಪುರದವರು ಮೂಲಂಗಿ ಜಗ್ಗುತ್ತಿದ್ದರು, ಸರಿ. ಹಸು ಕರು ಹಾಕಲು ತಿಣುಕಿದರೆ ಜಗ್ಗುತ್ತಿದ್ದರು, ಅದೂ ಸರಿ. ಮಗು ಎತ್ತರ ಬೆಳೆಯದಿದ್ದರೆ ಅಪ್ಪ ತಲೆ ಹಿಡಿದು ಅಮ್ಮ ಕಾಲು ಹಿಡಿದು ಜಗ್ಗುತ್ತಿದ್ದರು. ಗಾಡಿ ಕೆಸರಿನಲ್ಲಿ ಹೂತರೆ ಮುಂದಿನಿಂದ ಜಗ್ಗುತ್ತಿದ್ದರೇ ಹೊರತು ಹಿಂದೆ ಹೋಗಿ ಕೈ ಹಚ್ಚುತ್ತಿರಲಿಲ್ಲ. ಹಿಂದೆ ಹೋಗಿ ಮಾಡುವುದೇನಿದೆ? ತಳ್ಳುವುದು ಅನ್ನುವ ಮಾತೇ ಆ ಊರಿನಲ್ಲಿ ಹುಟ್ಟಿರಲಿಲ್ಲ.

ಇದರಿಂದ ಒಂದು ಸಣ್ಣ ತೊಂದರೆಯಿತ್ತು. ಆ ಊರಿನ ಬಾಗಿಲುಗಳೆಲ್ಲ ಒಳಕ್ಕೆ ತೆರೆಯುವಂಥವು. ಒಳಗಿದ್ದವರು ಜಗ್ಗಿದರೆ ತೆರೆಯುತ್ತಿತ್ತು. ಹೊರಗಿದ್ದವರು ಜಗ್ಗಿದರೆ ಯಾಕೆ ತೆರೆದೀತು? ಹಾಗಾಗಿ ಹೊರಗೆ ಹೋಗುವಾಗ ಬಾಗಿಲು, ಒಳಗೆ ಬರುವಾಗ ಕಿಟಕಿ. ಹೊಸ ಸೊಸೆ ಕಿಟಕಿಯ ಕಟ್ಟೆಯ ಮೇಲಿಟ್ಟ ಅಕ್ಕಿಯ ಸೇರನ್ನು ಒದ್ದು ಮನೆ ತುಂಬುತ್ತಿದ್ದಳು. ದಪ್ಪ ಹೊಟ್ಟೆಯ ಬೀಗರು ಜಗುಲಿಯಲ್ಲೇ ಉಂಡು ಜಗುಲಿಯಲ್ಲೇ ಮಲಗಿ ಊರಿಗೆ ಹೋಗುತ್ತಿದ್ದರು. ಯಾರಿಗೂ ಇದು ತಪ್ಪು ಅನ್ನಿಸಲಿಲ್ಲ.

ಅರಮನೆಯ ಅಂಗಳದಲ್ಲಿ ಮಾತ್ರ ಒಂದು ಕೋಣೆ ಇತ್ತು, ಅದಕ್ಕೆ ಕಿಟಕಿಯೇ ಇರಲಿಲ್ಲ. ಅದು ಕನ್ನಡಿ ಕೋಣೆ. ಈಗಿನ ರಾಜನ ಅಜ್ಜ ಒಂದು ಬೆಳಗ್ಗೆ ಅಲ್ಲಿ ಮೀಸೆ ತೀಡಿಕೊಂಡು ಹೊರಗೆ ಬಂದ. ಬಾಗಿಲು ಹಿಂದೆಯೇ ಮುಚ್ಚಿಕೊಂಡಿತು. ಅಷ್ಟೇ. ಊರಿನ ಕನ್ನಡಿಗಳೆಲ್ಲ ಆ ಕೋಣೆಯಲ್ಲಿದ್ದವು. ಅಂದಿನಿಂದ ಜಗ್ಗಾಪುರದ ರಾಜರು ತಮ್ಮ ಮುಖವನ್ನು ಸಾರಿನ ಬಟ್ಟಲಿನಲ್ಲಿ ನೋಡಿಕೊಳ್ಳುತ್ತಿದ್ದರು. ಸಾರಿನಲ್ಲಿ ಎಲ್ಲ ರಾಜರೂ ಒಂದೇ ಥರ ಕಾಣುತ್ತಾರೆ, ಸ್ವಲ್ಪ ಖಾರವಾಗಿ.

ಇರಲಿ. ಈ ಕತೆ ರಾಜನದ್ದಲ್ಲ, ದುಂಡಮ್ಮನದು.

ದುಂಡಮ್ಮ ಬಿದಿರು ಸೀಳಿ ಬುಟ್ಟಿ ಹೆಣೆಯುವವಳು. ಅವಳ ಗಂಡ ಜವರ ಹಗ್ಗ ಹೊಸೆಯುವವನು. ಇಬ್ಬರೂ ಕೈಯಲ್ಲಿ ಗಟ್ಟಿ, ಬಾಯಲ್ಲಿ ಇನ್ನೂ ಗಟ್ಟಿ. ಒಂದು ಬೆಳಗ್ಗೆ ಜವರ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ನುಂಗಿ, ಸುಮ್ಮನೆ ಇರಬೇಕಾಗಿತ್ತು. ಇರಲಿಲ್ಲ.

"ಮುದ್ದೆ ಇವತ್ತು ಒಸಿ ಗಟ್ಟಿ ಆಯ್ತಲ್ಲಮ್ಮಿ" ಅಂದ.

"ಗಟ್ಟಿ ಆಯ್ತಾ? ನಾಳೆಯಿಂದ ನೀವೇ ತೊಳಸ್ಕಳಿ" ಅಂದಳು ದುಂಡಮ್ಮ.

ಜವರ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದು, ಬಾಗಿಲು ಜಗ್ಗಿಕೊಂಡು ಹೊರಟೇಹೋದ. ದುಂಡಮ್ಮ ಆ ಅರ್ಧ ಮುದ್ದೆಯ ಮೇಲೆ ಒಂದು ಮಂಕರಿ ಬುಟ್ಟಿ ಕವುಚಿದಳು. ತಾನೂ ಉಣ್ಣಲಿಲ್ಲ. 'ಅವರೇ ಮೊದಲು ಮಾತಾಡಲಿ' ಅಂತ ಅವಳು. 'ಅವಳೇ ಮೊದಲು ಮಾತಾಡಲಿ' ಅಂತ ಅವನು. ನಡುವೆ ಮುದ್ದೆ ಆರುತ್ತಾ ಕೂತಿತು, ಅದರ ತಪ್ಪೇನಿದೆ ಪಾಪ.

ಅದೇ ಬೆಳಗ್ಗೆ ರಾಜ ಠೀವಿರಾಯ ಉಪ್ಪರಿಗೆಯ ಮೇಲೆ ನಿಂತು ಒಂದು ಮೋಡ ನೋಡಿದ. ಬೆಳ್ಳಗೆ, ದುಂಡಗೆ, ನಡುವೆ ಒಂದು ಉಬ್ಬು.

"ಮಂತ್ರಿಗಳೇ, ಆ ಮೋಡ ಥೇಟ್ ನನ್ನ ಹಾಗಿಲ್ಲವೇ?"

ಮಂತ್ರಿಯ ಹೆಸರು ಹೌದಪ್ಪ. ಅವನು ಬಾಯಿ ತೆರೆದರೆ ಬರುವುದು ಒಂದೇ ಮಾತು.

"ಹೌದು ಮಹಾಪ್ರಭು."

"ಮೂಗು ನೋಡಿ. ಅದು ನನ್ನದೇ ಮೂಗು."

"ಹೌದು ಮಹಾಪ್ರಭು."

"ನನ್ನ ಮೂಗು ನನ್ನ ಅಪ್ಪಣೆ ಇಲ್ಲದೆ ಪಡುವಣಕ್ಕೆ ಹೋಗುತ್ತಿದೆ! ಕಟ್ಟಿಹಾಕಿ ಅದನ್ನು!"

ಡಂಗುರ ಹೊಡೆಸಿದರು. ಜವರನಿಗೆ ಕರೆ ಬಂತು. ರಾಜ ಹೇಳಿದ, "ಹಗ್ಗ ಗಟ್ಟಿಯಿರಬೇಕು, ಅದಕ್ಕೆ ತೆಂಗಿನ ನಾರಿನ ಎಳೆ ಹಾಕು. ಉದ್ದವಿರಬೇಕು, ಅದಕ್ಕೆ ಸಣಬಿನ ಎಳೆ ಹಾಕು. ಕತ್ತು ತರಚಬಾರದು, ಎಷ್ಟೆಂದರೂ ಅದು ನನ್ನ ಕತ್ತು, ಅದಕ್ಕೆ ಹತ್ತಿಯ ಎಳೆ ಹಾಕು." ಜವರ ಮೂರು ಎಳೆಯ ಹಗ್ಗ ಹೊಸೆದ. ಹೊಸೆದು ಉಪ್ಪರಿಗೆಯ ಕಳಸ ಹತ್ತಿ, ಮೋಡ ತಲೆಯ ಮೇಲೆ ಬಂದಾಗ ಎಗರಿ ಅದರ ಹೆಗಲಿಗೆ ಬಿದ್ದ. ಅಲ್ಲಿಂದ ನೆತ್ತಿಗೆ ಹತ್ತಿ ಕೂತು, ಮೋಡದ ಕತ್ತಿಗೆ ಉರುಳು ಹಾಕಿ ಹಗ್ಗವನ್ನು ಕೆಳಕ್ಕೆ ಬಿಟ್ಟ.

ಕೆಳಗಿದ್ದ ಜನ ಹಗ್ಗದ ತುದಿ ಕಂಡರು. ಜಗ್ಗಾಪುರದವರಿಗೆ ಹಗ್ಗದ ತುದಿ ಕಂಡರೆ ಕೇಳಬೇಕೆ? "ಜಗ್ಗ್ರೋ!" ಅಂದರು. ಜಗ್ಗಿದರು.

ಮೋಡ ಬೆಚ್ಚಿಬಿದ್ದಿತು. ಅದರ ದನಿ ಒದ್ದೆ ಬಟ್ಟೆಯ ಹಾಗೆ ತಣ್ಣಗೆ, ಭಾರ. "ಯಾಕ್ರಪ್ಪಾ ಜಗ್ತೀರಿ? ನಮ್ಮಕ್ಕನ ಮಗೀಗೆ ತೊಟ್ಟಿಲು ಹಾಕ್ತಾವ್ರೆ, ನಾ ಹೋಗ್ಬೇಕು" ಅಂದಿತು. ಜಗ್ಗುವ ಗಲಾಟೆಯಲ್ಲಿ ಯಾರಿಗೂ ಕೇಳಲಿಲ್ಲ. ಮೋಡ ಮೇಲಕ್ಕೆ ಎಳೆಯಿತು. ಜನ ಕೆಳಕ್ಕೆ ಎಳೆದರು. ಹಗ್ಗ ಅವರ ಅಂಗೈಯೊಳಗೆ ಸರ್ರನೆ ಜಾರತೊಡಗಿತು.

ಕಮ್ಮಾರ ತನ್ನ ದೊಡ್ಡ ಇಕ್ಕಳ ತಂದು ಹಗ್ಗ ಕಚ್ಚಿಸಿದ. ಇಕ್ಕಳಕ್ಕೆ ಸಿಕ್ಕಿದ್ದು ನಾರಿನ ಎಳೆ ಮಾತ್ರ. ಸಣಬಿನ ಎಳೆಗೆ ಹೊಟ್ಟೆಕಿಚ್ಚು ಬಂತು.

"ಅವಳನ್ನ ಹಿಡಿದೆ, ನನ್ನ ಯಾಕೆ ಹಿಡೀಲಿಲ್ಲ? ನಾ ಹೋಯ್ತೀನಿ" ಅಂತ ಅದು ಜಾರಿತು.

"ಸಣಬಕ್ಕ ಹೋದ್ಮೇಲೆ ನಂಗಿಲ್ಲೇನು ಕೆಲ್ಸ?" ಅಂತ ಹತ್ತಿಯ ಎಳೆಯೂ ಜಾರಿತು.

"ನಾನೊಬ್ಳೇ ಇಲ್ಲಿ ಕೂತು ಯಾರ ಮುಖ ನೋಡ್ಲಿ?" ಅಂತ ನಾರಿನ ಎಳೆಯೂ ಇಕ್ಕಳದಿಂದ ಬಿಡಿಸಿಕೊಂಡು ಹೊರಟಿತು.

ಮೂರು ಎಳೆಯ ಹಗ್ಗ ಹಿಡಿಯುವುದು ಅಂದರೆ ಮೂರು ಜನ ಓರಗಿತ್ತಿಯರನ್ನು ಒಂದೇ ಜಗುಲಿಯಲ್ಲಿ ಕೂರಿಸಿದ ಹಾಗೆ. ಒಬ್ಬಳನ್ನು ಮಾತಾಡಿಸಿದರೆ ಇಬ್ಬರು ಎದ್ದು ಹೋಗುತ್ತಾರೆ.

ದುಂಡಮ್ಮ ಅರಮನೆಯ ಅಂಗಳದ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಬರಬಾರದು ಅಂದುಕೊಂಡೇ ಬಂದಿದ್ದಳು. ಹಗ್ಗ ಜಾರಿದಷ್ಟೂ ಗಂಡ ಸಣ್ಣಗಾಗುತ್ತಿದ್ದ. ಸೌತೆಕಾಯಿಯಷ್ಟಾದ, ಬೆಂಡೆಕಾಯಿಯಷ್ಟಾದ. ಹಗ್ಗದ ತುದಿ ಕೈ ತಪ್ಪಿದರೆ ಅವನು ಹೋದ ಹಾಗೆಯೇ. ಅರ್ಧ ಮುದ್ದೆ ಮನೆಯಲ್ಲಿದೆ, ಗಂಡ ಮೋಡದ ಮೇಲಿದ್ದಾನೆ, ಇಬ್ಬರ ನಡುವೆ ಒಂದು ಮಾತೂ ಇಲ್ಲ. ಹೀಗೇ ಹೋಗಿಬಿಟ್ಟರೆ?

ಆಗ ಅವಳಿಗೆ ಚಿಕ್ಕಂದಿನ ಆಟವೊಂದು ನೆನಪಾಯಿತು. ಈಚಲು ಗರಿಯಲ್ಲಿ ಬೆರಳುದ್ದದ ಕೊಳವೆ ಹೆಣೆಯುವುದು. ಆ ಕಡೆಯಿಂದ ಒಬ್ಬರು ಬೆರಳು ತೂರಿಸುವುದು, ಈ ಕಡೆಯಿಂದ ಇನ್ನೊಬ್ಬರು. ಜಗ್ಗಿದರೆ ಬೆರಳು ಬರುವುದಿಲ್ಲ. ಅವಳೂ ಅವಳ ತಂಗಿಯೂ ಒಮ್ಮೆ ಹಾಗೆ ಸಿಕ್ಕಿಕೊಂಡು, ಗರಿ ಒಣಗಿ ಮುರಿಯುವವರೆಗೂ ಜೊತೆಯಲ್ಲೇ ಉಂಡು ಜೊತೆಯಲ್ಲೇ ಮಲಗಿದ್ದರು. ಜಗ್ಗಾಪುರದ ಮಕ್ಕಳೆಲ್ಲ ಹಾಗೆಯೇ. ಬೇರೆ ದಾರಿ ಯಾರಿಗೂ ಗೊತ್ತಿರಲಿಲ್ಲ.

ದುಂಡಮ್ಮ ಬಿದಿರಿನ ಸೀಳು ತಂದಳು, ಅಂಗಳದಲ್ಲೇ ಕೂತು ಹೆಣೆದಳು. ಅವಳು ಹೆಣೆದ ವೇಗಕ್ಕೆ ಸೀಳುಗಳಿಗೇ ತಲೆ ಸುತ್ತಿತು. ರವಿಕೆಯ ತೋಳಿನ ಹಾಗೆ ಉದ್ದ, ಎರಡೂ ಕಡೆ ಬಾಯಿ, ಕೆಳಗಿನ ಬಾಯಿಯ ಅಂಚಿಗೆ ಕಟ್ಟಲು ಒಂದು ಬಾಲ. ಅದಕ್ಕೆ ತೋಳುಬುಟ್ಟಿ ಅಂತ ಹೆಸರಿಟ್ಟಳು. ಹಗ್ಗದ ಕೊನೆಯ ಮೊಳ ಕೈ ತಪ್ಪುವ ಮೊದಲು ಅದನ್ನು ತುದಿಗೆ ತೊಡಿಸಿ ಮೇಲಕ್ಕೆ ಏರಿಸಿ, ಬಾಲವನ್ನು ಜನರ ಕೈಗೆ ಕೊಟ್ಟಳು. ಮೋಡ ಎಳೆಯಿತು. ತೋಳುಬುಟ್ಟಿ ಮೈ ಸಣ್ಣ ಮಾಡಿಕೊಂಡು ಮೂರು ಎಳೆಯನ್ನೂ ಒಟ್ಟಿಗೆ ತಬ್ಬಿತು. ಯಾರನ್ನೂ ಹೆಚ್ಚು ತಬ್ಬಲಿಲ್ಲ, ಯಾರನ್ನೂ ಕಡಿಮೆ ತಬ್ಬಲಿಲ್ಲ.

"ಈಗ ಸರಿ" ಅಂದವು ಮೂರೂ ಎಳೆಗಳು.

ಹಗ್ಗ ನಿಂತಿತು. ಜನ ಕೇಕೆ ಹಾಕಿದರು. ಆಗ ತೋಳುಬುಟ್ಟಿ ಎರಡೂ ಬಾಯಿಂದ ಮಾತಾಡಿತು.

"ಹಿಡಿದಿದ್ದೀನಿ. ಕೂಲಿ ಏನು ಕೊಡ್ತೀರಿ?"

"ಏನು ಬೇಕು?" ಅಂದ ರಾಜ.

"ನಂಗೆ ಎರಡು ಬಾಯಿ. ಹೊಟ್ಟೆ ಒಂದೂ ಇಲ್ಲ. ಈ ಕಡೆ ತಿಂದಿದ್ದು ಆ ಕಡೆ ಬೀಳ್ತದೆ. ಹುಟ್ಟಿದಾಗಿಂದ ಹಸಿವು. ನಂಗೊಂದು ಹೊಟ್ಟೆ ಕೊಡಿ."

ಠೀವಿರಾಯ ತನ್ನ ಹೊಟ್ಟೆ ನೋಡಿಕೊಂಡ. ಒಂದು ಕೊಟ್ಟರೂ ಇನ್ನೆರಡು ಉಳಿಯುವಷ್ಟಿತ್ತು. "ಕೊಟ್ಟೆ!" ಅಂದ. ಕೊಡುವುದು ಹೇಗೆ ಅಂತ ಯೋಚಿಸಲಿಲ್ಲ. ಮಾತು ಕೊಡುವಾಗ ರಾಜರು ಯೋಚಿಸುವುದಿಲ್ಲ, ಯೋಚಿಸಿದರೆ ಅವರು ರಾಜರಾಗಿರುವುದಿಲ್ಲ.

ಈಗ ತೋಳುಬುಟ್ಟಿಯ ಬಾಲವನ್ನು ಎಲ್ಲಿಗಾದರೂ ಕಟ್ಟಬೇಕಲ್ಲ? ಒಂದು ಎತ್ತಿಗೆ ಕಟ್ಟಿದರು. ಎತ್ತು ನೆಲ ಬಿಟ್ಟು ಗಾಳಿಯಲ್ಲೇ ಕಾಲಾಡಿಸುತ್ತಾ ಉಳುಮೆಗೆ ಹೊರಟಿತು. ಎತ್ತನ್ನು ಇಳಿಸಿ ಪಟ್ಟದ ಆನೆಗೆ ಕಟ್ಟಿದರು. ಆನೆ ತುದಿಗಾಲಿನಲ್ಲಿ ನಿಂತಿತು. ಅದರ ಬೆನ್ನ ಮೇಲೆ ಹೌದಪ್ಪನನ್ನು ಕೂರಿಸಿ, ರಾಜನನ್ನು ಹೊಗಳಿ ಭಾಷಣ ಮಾಡಿ ಅಂದರು. ಅಂಥ ಭಾರದ ಭಾಷಣಕ್ಕೂ ಆನೆ ಕೆಳಗಿಳಿಯಲಿಲ್ಲ. ಕೊನೆಗೆ ಬಾಲವನ್ನು ಅರಮನೆಯ ನಡುಗಂಬಕ್ಕೆ ಬಿಗಿದರು.

"ಇನ್ನು ಎಲ್ಲಿಗೆ ಹೋಯ್ತದೆ ನೋಡ್ತೀನಿ" ಅಂದ ಕಮ್ಮಾರ.

ಮೋಡ ಹೋಗಲಿಲ್ಲ. ಅರಮನೆ ಹೋಯಿತು. ಕಂಬಕ್ಕೆ ಅರಮನೆ ಅಂಟಿತ್ತು, ಅರಮನೆಗೆ ಕೋಟೆ ಅಂಟಿತ್ತು, ಕೋಟೆಗೆ ಬೀದಿ, ಬೀದಿಗೆ ಮನೆ, ಮನೆಗೆ ಹಿತ್ತಿಲು, ಹಿತ್ತಿಲಿಗೆ ತಿಪ್ಪೆ. ಎಲ್ಲವೂ ಒಂದನ್ನೊಂದು ಹಿಡಿದುಕೊಂಡು ಒಂದು ಗೇಣು ಮೇಲೆದ್ದವು. ಊರ ನಾಯಿಗಳು ಊರ ಕೆಳಗೆ ನುಗ್ಗಿ ತಣ್ಣಗೆ ಮಲಗಿದವು. ಬಾವಿಗೆ ಕೊಡ ಬಿಟ್ಟವರಿಗೆ ನೀರಿನ ಬದಲು ಕೆಳಗಿನ ಹುಲ್ಲು ಬಂತು. ಊರು ಮೆಲ್ಲಗೆ ಪಡುವಣಕ್ಕೆ ತೇಲತೊಡಗಿತು. ಪಕ್ಕದೂರಿನವರು ದಾರಿ ಬಿಟ್ಟು ನಿಂತು, "ಎತ್ಲಾಗೆ ಹೊಂಟ್ರಿ?" ಅಂತ ಕೇಳಿದರು. "ಇಲ್ಲೇ" ಅಂದರು ಜಗ್ಗಾಪುರದವರು. ಮರ್ಯಾದೆ ಬಿಡುವುದುಂಟೆ?

ಜನ ಊರನ್ನು ಕೆಳಗಿಳಿಸಲು ಇನ್ನೂ ಜೋರಾಗಿ ಜಗ್ಗಿದರು. ಜಗ್ಗಿದಷ್ಟೂ ತೋಳುಬುಟ್ಟಿ ಬಿಗಿಯಿತು. ಮೇಲೆ ಮೋಡದ ಕತ್ತಿನ ಉರುಳೂ ಬಿಗಿಯಿತು. ಮಂಕರಿಯಷ್ಟು ದಪ್ಪವಿದ್ದ ಕತ್ತು ಕೊಡದಷ್ಟಾಯಿತು, ಕೊಡದಷ್ಟಿದ್ದದ್ದು ಚೊಂಬಿನಷ್ಟಾಯಿತು. ಮೋಡ ಉಸಿರು ಬಿಗಿಹಿಡಿಯಿತು. ಉಸಿರು ಹಿಡಿದಷ್ಟೂ ಉಬ್ಬಿತು, ಉಬ್ಬಿದಷ್ಟೂ ಮೇಲೆ ಏರಿತು. ಅದರ ಮುಖವೆಲ್ಲ ಉದ್ದಕ್ಕೆ ಎಳೆದುಕೊಂಡು ಗಲ್ಲ ಪಡವಲಕಾಯಿಯ ಹಾಗೆ ಇಳಿಬಿತ್ತು.

"ಮಂತ್ರಿಗಳೇ, ಮೋಡದ ಗಲ್ಲ ಉದ್ದವಾಗಿದೆ. ಹಾಗಾದರೆ ನನ್ನದೂ ಉದ್ದವಾಗಬೇಕಲ್ಲವೇ?"

"ಹೌದು ಮಹಾಪ್ರಭು."

ರಾಜನ ಗಡ್ಡಕ್ಕೆ ಒಂದು ಗುಂಡುಕಲ್ಲು ಕಟ್ಟಿದರು. ರಾಜ ಅದನ್ನು ನೇತುಬಿಟ್ಟುಕೊಂಡು ತಿರುಗಾಡಿದ. ನೋವಾಗುತ್ತಿತ್ತು, ಆದರೆ ಹೋಲಿಕೆ ಮುಖ್ಯ.

ದುಂಡಮ್ಮ ಮೇಲೆ ನೋಡಿದಳು. ಮೋಡದ ಕತ್ತು ಈಗ ಬಳೆಯಷ್ಟು. ಜವರ ಕೂತಿರುವುದು ಮೋಡದ ತಲೆಯ ಮೇಲೆ. ಕತ್ತು ತುಂಡಾದರೆ ತಲೆ ಎತ್ತ ಹಾರಿತೋ ಜವರನೂ ಅತ್ತ. ಹಗ್ಗ ಕೊಯ್ದುಬಿಡಬಹುದಲ್ಲ ಅಂತ ನಿಮ್ಮಲ್ಲಿ ಜಾಣರು ಕೇಳುತ್ತೀರಿ, ಗೊತ್ತು. ಕೊಯ್ದರೆ ಮೋಡ ಬಾಣದ ಹಾಗೆ ಹೋಗುತ್ತದೆ, ಕತ್ತಿನ ಉರುಳು ಕತ್ತಿನಲ್ಲೇ, ಜವರ ನೆತ್ತಿಯಲ್ಲೇ. ನೀವು ಜಾಣರಾಗಿದ್ದರೆ ಕತೆ ಹೇಳುತ್ತಿದ್ದಿರಿ, ಕೇಳುತ್ತಿರಲಿಲ್ಲ.

ಇಷ್ಟಾದರೂ ಗಂಡಹೆಂಡಿರು ನೇರ ಮಾತಾಡಲಿಲ್ಲ ನೋಡಿ. ಹಗ್ಗದ ಮೂಲಕ ಮಾತಾಡಿದರು. ಮನೆಯಲ್ಲಿ ಮುನಿದವರು ಗೋಡೆಗೆ ಹೇಳುವುದಿಲ್ಲವೆ, ಹಾಗೆ.

"ಹಗ್ಗವೇ, ಮ್ಯಾಲೆ ಕೂತಿರೋರ್ಗೆ ಹೇಳು, ಉಸಾರಾಗಿ ಹಿಡ್ಕಂಡು ಕೂತ್ಕಳಿ ಅಂತ" ಅಂದಳು ದುಂಡಮ್ಮ.

"ಹಗ್ಗವೇ, ಕೆಳಗೆ ನಿಂತಿರೋಳ್ಗೆ ಹೇಳು, ನಾನೇನು ಮಗುವಲ್ಲ ಅಂತ" ಅಂದ ಜವರ. ಅವನ ದನಿ ನಡುಗುತ್ತಿತ್ತು. ಹತ್ತಿಯ ಎಳೆ ಆ ನಡುಕವನ್ನು ಹಾಗೆಯೇ ಕೆಳಗೆ ತಂದು ಅವಳ ಕೈಗೆ ಕೊಟ್ಟಿತು.

ದುಂಡಮ್ಮನಿಗೆ ಕಣ್ಣು ತುಂಬಿತು. ತೋಳುಬುಟ್ಟಿಯ ಕೆಳಬಾಯಿಗೆ ಬೆರಳು ತೂರಿಸಿ, "ಬಿಡು ಅಂತೀನಿ, ಬಿಡು!" ಅಂತ ಜಗ್ಗಿದಳು.

"ಅವ್ವಾ, ಹಿಡಿಯೋದು ನೀನೇ ಹೇಳ್ಕೊಟ್ಟೆ. ಬಿಡೋದು ಯಾರು ಹೇಳ್ಕೊಟ್ರು?" ಅಂದಿತು ತೋಳುಬುಟ್ಟಿ. ಈಗ ಅವಳ ಬೆರಳೂ ಸಿಕ್ಕಿಕೊಂಡಿತು. ಕಮ್ಮಾರ ಬಂದು ಅವಳ ಸೊಂಟ ಹಿಡಿದು ಜಗ್ಗಿದ. ಕಮ್ಮಾರನ ಹೆಂಡತಿ ಕಮ್ಮಾರನನ್ನು ಜಗ್ಗಿದಳು. ಊರಿಗೆ ಊರೇ ಸಾಲಾಗಿ ಹಿಡಿದು ಜಗ್ಗಿತು. ಬೆರಳು ನೀಲಿಯಾಯಿತು.

ಅಷ್ಟರಲ್ಲಿ ಮೇಲಿನಿಂದ ಒಂದು ಸಣ್ಣ ಶಬ್ದ ಬಂತು. ಟಿಕ್. ಮೋಡದ ಕತ್ತು ಈಗ ಉಂಗುರದಷ್ಟು.

ದುಂಡಮ್ಮನ ಬಿಗುಮಾನ ಅಲ್ಲಿಗೆ ಸತ್ತಿತು. ಬೆರಳನ್ನು ಮರೆತಳು, ಹಗ್ಗದ ಮೂಲಕ ಹೇಳುವುದನ್ನೂ ಮರೆತಳು. ಕಮ್ಮಾರನ ಕೈ ಕೊಡವಿ ತುದಿಗಾಲಲ್ಲಿ ನಿಂತು, ಗಂಡನ ಕಡೆಗೆ ಮೈಯೆಲ್ಲ ಚಾಚಿ, ಎದೆ ಬಿರಿಯುವಂತೆ ಕೂಗಿದಳು.

"ಏನ್ರೀ! ಮುದ್ದೆ ಗಟ್ಟಿ ಆಗಿತ್ತು ಕಣ್ರೀ! ನಂದೇ ತಪ್ಪು! ಇಳಿದು ಬನ್ರೀ!"

ಮೇಲಕ್ಕೆ ಚಾಚಿದಾಗ ಕೈಯೂ ಮೇಲೆ ಹೋಯಿತು. ಕೈ ಮೇಲೆ ಹೋದಾಗ ಬೆರಳು ತೋಳುಬುಟ್ಟಿಯ ಒಳಕ್ಕೆ ಹೋಯಿತು. ಒಳಕ್ಕೆ ಹೋದಾಗ ತೋಳುಬುಟ್ಟಿಯ ಮೈ ಒಂದು ಕ್ಷಣ ಅಗಲವಾಯಿತು. ಬೆರಳು ಪುಸಕ್ಕನೆ ಹೊರಗೆ ಬಂತು.

ದುಂಡಮ್ಮ ಬೆರಳನ್ನು ನೋಡಿದಳು. ತೋಳುಬುಟ್ಟಿಯನ್ನು ನೋಡಿದಳು.

"ನಾ ಹಿಡಿಯೋದು ಜಗ್ಗೋರನ್ನ ಅವ್ವಾ. ಹತ್ರ ಬರೋರನ್ನ ಹಿಡಿಯೋಕೆ ನಂಗೆ ಬರೋದೇ ಇಲ್ಲ" ಅಂದಿತು ಅದು, ತನಗೂ ಈಗಲೇ ಗೊತ್ತಾದ ಹಾಗೆ.

"ಜಗ್ಬೇಡ್ರಪ್ಪೋ!" ಅಂತ ದುಂಡಮ್ಮ ಕೂಗಿದಳು. "ತಳ್ಳಿ!" ಆ ಊರಿನಲ್ಲಿ ಆ ಮಾತು ಹುಟ್ಟಿದ್ದು ಆಗಲೇ.

"ಹಂಗಂದ್ರೇನು?" ಅಂದರು ಜನ.

ಅದನ್ನು ಮಾತಿನಲ್ಲಿ ಹೇಳುವುದು ಹೇಗೆ? ದುಂಡಮ್ಮ ಸುತ್ತ ನೋಡಿದಳು. ಎದುರಿಗೇ ಕನ್ನಡಿ ಕೋಣೆಯ ಬಾಗಿಲಿತ್ತು. ಜಗ್ಗಿ ಜಗ್ಗಿ ಅದರ ಹಿಡಿಯ ಬಳೆ ತೇದು ದಾರದಷ್ಟಾಗಿತ್ತು. ದುಂಡಮ್ಮ ಓಡಿಹೋಗಿ ಎರಡೂ ಅಂಗೈ ಬಾಗಿಲಿಗೆ ಊರಿ, ಅದರ ಕಡೆಗೇ ನಡೆದಳು. ಬಾಗಿಲು ಕಿರ್ರೆಂದು ಆಕಳಿಸಿ ತೆರೆದುಕೊಂಡಿತು.

ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಒಬ್ಬ ಮುದುಕ ಅಲ್ಲೇ ಕೂತು ಅತ್ತ. ಅವನು ಬದುಕಿನಲ್ಲಿ ಎಷ್ಟು ಕಿಟಕಿ ಹತ್ತಿದ್ದನೋ ಏನೋ.

ರಾಜ ಗುಂಡುಕಲ್ಲು ಹಿಡಿದುಕೊಂಡು ಒಳಗೆ ಇಣುಕಿದ. ಒಳಗೆ ಒಬ್ಬ ಮನುಷ್ಯ ನಿಂತಿದ್ದ. ಸಣ್ಣ ಮುಖ, ಬೋಂಡದಂಥ ಮೂಗು, ಗಾಬರಿಯ ಕಣ್ಣು.

"ಯಾರಿವನು?"

"ಅದು ತಾವೇ ಮಹಾಪ್ರಭು" ಅಂದಳು ದುಂಡಮ್ಮ. "ಕನ್ನಡಿ ಅದು."

"ಪಾಪ, ಇವನ ಗಡ್ಡಕ್ಕೆ ಯಾರೋ ಕಲ್ಲು ಕಟ್ಟಿದ್ದಾರೆ. ಬಿಚ್ಚಿ, ಬೇಗ ಬಿಚ್ಚಿ." ರಾಜನ ಗಡ್ಡದ ಕಲ್ಲು ಬಿಚ್ಚಿದರು. ಒಳಗಿನವನದೂ ಬಿಚ್ಚಿಕೊಂಡಿತು. ಇಬ್ಬರೂ ಗಲ್ಲ ಸವರಿಕೊಂಡು ನಿಟ್ಟುಸಿರು ಬಿಟ್ಟರು. ಠೀವಿರಾಯ ಬಹಳ ಹೊತ್ತು ನೋಡಿದ.

"ಮಂತ್ರಿಗಳೇ, ಆ ಮೋಡ ನನ್ನ ಹಾಗಿದೆಯೇ?"

ಹೌದಪ್ಪ ಬಾಯಿ ತೆರೆದ. ಮುಚ್ಚಿದ. ಬೆವರಿದ. ಮೋಡ ನೋಡಿದ, ಕನ್ನಡಿ ನೋಡಿದ.

"ಇ... ಇ... ಇಲ್ಲ ಮಹಾಪ್ರಭು" ಅಂದ. ಅಂದವನೇ ಹಗುರಾಗಿ ಆನೆಯ ಬೆನ್ನಿನಿಂದ ಜಾರಿ ಬಿದ್ದ. ಅವನನ್ನು ಇನ್ನೂ ಯಾರೂ ಇಳಿಸಿರಲಿಲ್ಲ.

"ಈ ಒಳಗಿನವನನ್ನು ಕಟ್ಟಿಹಾಕಬೇಕೇ?"

"ಬೇಡ ಬುದ್ಧಿ" ಅಂದಳು ದುಂಡಮ್ಮ. "ನೀವು ಹತ್ರ ಹೋದಾಗೆಲ್ಲ ಅವ್ನೂ ಹತ್ರ ಬತ್ತಾನೆ. ಹಗ್ಗ ಯಾಕೆ? ಈಗ ನಮ್ಮನೆಯೋರ್ನ ಇಳಿಸ್ಕೊಡಿ."

"ಏನು ಮಾಡಬೇಕು?"

"ಊರೆಲ್ಲ ಒಂದೇ ಸಲ ಮೋಡದ ಕಡೆಗೆ ಎಗರ್ಬೇಕು. ನಾವು ಹತ್ರ ಹೋದ್ರೆ ಹಗ್ಗ ಸಡಿಲ ಆಯ್ತದೆ. ಹಗ್ಗ ಸಡಿಲ ಆದ್ರೆ ಉರುಳು ಸಡಿಲ ಆಯ್ತದೆ. ಆಗ ನಮ್ಮನೆಯೋರು ಗಂಟು ಬಿಚ್ಚಾರು."

ಊರು ಎಗರುವುದು ಅಂದರೆ ಸುಮ್ಮನೆಯೇ? ಜನ ಎಗರಿದರೆ ಸಾಲದು, ಊರೇ ಎಗರಬೇಕು. ಜನರೆಲ್ಲ ಹಗ್ಗ ಬಿಟ್ಟು ತಮ್ಮ ತಮ್ಮ ಮನೆಯೊಳಗೆ ಹೋಗಿ ನಿಂತರು. ಬಾಗಿಲು ತಳ್ಳಿಕೊಂಡೇ ಹೋದರು, ಹೊಸ ರುಚಿ ನೋಡಿ. ಕೈಯನ್ನು ಸೂರಿನ ಜಂತೆಗೆ ಊರಿ ಕಾದರು. ಆನೆ ಅರಮನೆಯ ತೊಲೆಗೆ ಬೆನ್ನು ಕೊಟ್ಟಿತು. ಕೋಳಿಗಳು ತಮ್ಮ ತಮ್ಮ ಬುಟ್ಟಿಗೆ ತಲೆ ಕೊಟ್ಟವು. ರಾಜರು ಎಗರುವ ಪದ್ಧತಿಯಿಲ್ಲ ಅಂತ ಠೀವಿರಾಯ ಹೇಳಬೇಕೆಂದಿದ್ದ. ಅಷ್ಟರಲ್ಲಿ ಕನ್ನಡಿಯೊಳಗಿನವನು ಪಂಚೆ ಎತ್ತಿ ಕಟ್ಟುತ್ತಿರುವುದು ಕಂಡಿತು. ಅವನೇ ತಯಾರಾದ ಮೇಲೆ ಇವನದೇನು?

"ಹೂಂ!" ಅಂದಳು ದುಂಡಮ್ಮ. ನೀವೂ ಅನ್ನಿ, ಭಾರ ಎತ್ತುವುದಿದೆ. ಹೂಂ!

ಊರು ಎಗರಿತು. ಮನೆ ಎಗರಿತು, ಬೀದಿ ಎಗರಿತು, ಹಿತ್ತಿಲು, ತಿಪ್ಪೆ ಎಲ್ಲ ಎಗರಿದವು. ಜಗ್ಗಾಪುರ ತನ್ನ ಜನ್ಮದಲ್ಲಿ ಮೊದಲ ಸಲ ಯಾರದೋ ಕಡೆಗೆ ಹೋಯಿತು. ಹಗ್ಗ ಸಡಿಲವಾಗಿ ಜೋತುಬಿತ್ತು. ತೋಳುಬುಟ್ಟಿ ಎರಡೂ ಬಾಯಿ ಅಗಲಿಸಿ "ಹಾ" ಅಂದಿತು. ಮೂರೂ ಎಳೆಗಳು ಒಂದರ ಕೈ ಒಂದು ಹಿಡಿದು ಒಟ್ಟಿಗೇ ಹೊರಗೆ ಬಂದವು. ಮೇಲೆ ಜವರ ಗಂಟು ಬಿಚ್ಚಿದ.

ಮೋಡ ಹಿಡಿದಿದ್ದ ಉಸಿರನ್ನೆಲ್ಲ ಬಿಟ್ಟಿತು. ಬಿಡುವಾಗ ಅತ್ತೂಬಿಟ್ಟಿತು. ನೋವಿನಿಂದಲ್ಲ, ಹಗುರಾದದ್ದಕ್ಕೆ. ಜಗ್ಗಾಪುರದ ಮೇಲೆ ಧೋ ಅಂತ ಮಳೆ ಸುರಿಯಿತು. ಊರು ದೊಪ್ಪೆಂದು ನೆಲಕ್ಕೆ ಕೂತಿತು, ಇದ್ದ ಜಾಗದಿಂದ ಸ್ವಲ್ಪ ಪಡುವಣಕ್ಕೆ. ಕೆಳಗಿದ್ದ ನಾಯಿಗಳು ಅದಕ್ಕೆ ಮೊದಲೇ ಎದ್ದು ಹೋಗಿದ್ದವು, ಹೆದರಬೇಡಿ. ನಾಯಿಗಳಿಗೆ ಎಲ್ಲ ಮೊದಲೇ ಗೊತ್ತಾಗುತ್ತದೆ.

ನೀರೆಲ್ಲ ಸುರಿದ ಮೇಲೆ ಮೋಡಕ್ಕೆ ತ್ರಾಣವಿರಲಿಲ್ಲ. ಒಣಹಾಕಿದ ಹತ್ತಿಯ ಹಾಗೆ ಮೆಲ್ಲಗೆ ಇಳಿಯಿತು. ದುಂಡಮ್ಮನ ಮನೆಯ ಮುಂದೆ ಬಂದು ಜವರನನ್ನು ಕಾಲೂರಿಸಿ, ಅವಳ ಸೂರಿನ ಮೇಲೆ ತಲೆಯಿಟ್ಟು ಸುಧಾರಿಸಿಕೊಂಡಿತು.

ಜವರ ತೊಯ್ದು ತೊಪ್ಪೆಯಾಗಿದ್ದ. ರೂಢಿಯಂತೆ ಕಿಟಕಿಗೆ ಕಾಲು ಹಾಕಿದ.

"ಬಾಗ್ಲು ತಳ್ಳಿ" ಅಂದಳು ದುಂಡಮ್ಮ ಒಳಗಿನಿಂದ.

ಜವರ ಬಾಗಿಲ ಮೇಲೆ ಕೈಯಿಟ್ಟ. ಅದು ತೆರೆಯಿತು. ಎದುರಿಗೇ ಅವಳು ನಿಂತಿದ್ದಳು.

"ಮುದ್ದೆ ಗಟ್ಟಿ ಇರ್ಲಿಲ್ಲ ಕಣಮ್ಮಿ" ಅಂದ ಜವರ. "ನನ್ನ ಗಂಟಲೇ ಕಿರಿದಾಗಿತ್ತು."

"ಇಲ್ಲ, ಗಟ್ಟಿ ಆಗಿತ್ತು. ನೀರು ಕಮ್ಮಿ ಇಟ್ಟಿದ್ದೆ."

"ಇಲ್ಲ ಕಣೆ, ಮೆತ್ಗಿತ್ತು."

"ಗಟ್ಟಿ ಅಂದ್ನಲ್ಲ!"

ಜಗಳ ಮತ್ತೆ ಶುರುವಾಯಿತು. ಆದರೆ ಈ ಸಲ ಅವನು ಅವಳ ಪಕ್ಷ, ಅವಳು ಅವನ ಪಕ್ಷ. ಇಂಥ ಜಗಳ ಎಷ್ಟು ಹೊತ್ತು ನಡೆದರೂ ಯಾರಿಗೂ ನಷ್ಟವಿಲ್ಲ. ಮಂಕರಿ ಎತ್ತಿ ಅರ್ಧ ಮುದ್ದೆ ನೋಡಿದರು. ಅದು ಕಲ್ಲಾಗಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಗ ಬಾಗಿಲಿನಲ್ಲಿ ಯಾರೋ ಕೆಮ್ಮಿದರು. ತೋಳುಬುಟ್ಟಿ.

"ನನ್ನ ಕೂಲಿ" ಅಂದಿತು. "ರಾಜರ ಹೊಟ್ಟೆ ಕೇಳ್ದೆ. ಜಗ್ಗಿ ನೋಡಿದ್ರು, ಬರ್ಲಿಲ್ವಂತೆ."

ದುಂಡಮ್ಮ ಅದನ್ನು ಮಡಿಲಿಗೆ ಎಳೆದುಕೊಂಡಳು. ಅಲ್ಲ, ತಪ್ಪಿದೆ, ತಾನೇ ಅದರ ಹತ್ತಿರ ಹೋಗಿ ಕೂತಳು. ಬಾಲ ಬಿಚ್ಚಿ, ಅದರ ಸೀಳುಗಳನ್ನೇ ಮಡಿಚಿ ಹೆಣೆದು ಕೆಳಗಿನ ಬಾಯಿ ಮುಚ್ಚಿದಳು. ಒಂದು ಬಾಯಿ ಹೋಯಿತು, ಹೊಟ್ಟೆ ಬಂತು. ಅದರೊಳಗೆ ಆ ಕಲ್ಲುಮುದ್ದೆ ಹಾಕಿದಳು. ಮುದ್ದೆ ಆ ಕಡೆ ಬೀಳಲಿಲ್ಲ. ಒಳಗೇ ಉಳಿಯಿತು.

"ಓಹೋ" ಅಂದಿತು ತೋಳುಬುಟ್ಟಿ ಬಹಳ ಮೆಲ್ಲಗೆ. "ಹೊಟ್ಟೆ ತುಂಬೋದು ಅಂದ್ರೆ ಇದಾ?" ಆಮೇಲೆ ಅದು ಯಾರನ್ನೂ ಯಾವತ್ತೂ ಬಿಗಿಹಿಡಿಯಲಿಲ್ಲ.

ಮೋಡ ಎದ್ದು, "ನಮ್ಮಕ್ಕನ ಮಗೀಗೆ ತೊಟ್ಟಿಲು, ನಾ ಹೋಗ್ಬೇಕು" ಅಂತ ಮತ್ತೆ ಹೇಳಿ ಹೊರಟಿತು, ಈ ಸಲ ಎಲ್ಲರಿಗೂ ಕೇಳಿತು. ದುಂಡಮ್ಮ ಅಕ್ಕನ ಮಗುವಿಗೆ ಅಂತ ಒಂದು ಪುಟ್ಟ ಬಿದಿರ ಗಿಲಕಿ ಕೊಟ್ಟಳು. ಯಾವಾಗಲಾದರೂ ದೂರದಲ್ಲಿ ಸಣ್ಣಗೆ ಗುಡುಗಿದರೆ ಆ ಮಗು ಗಿಲಕಿ ಆಡಿಸುತ್ತಿದೆ ಅಂತ ತಿಳಿಯಿರಿ. ದೊಡ್ಡದಾಗಿ ಗುಡುಗಿದರೆ, ಯಾರೋ ಅದರ ಕೈಯಿಂದ ಗಿಲಕಿ ಜಗ್ಗುತ್ತಿದ್ದಾರೆ.

ನೀತಿ ಬೇಕೇ? ಕತೆ ಅಂದಮೇಲೆ ನೀತಿ ಇರಬೇಕು, ಇಲ್ಲದಿದ್ದರೆ ಹಿರಿಯರು ಒಪ್ಪುವುದಿಲ್ಲ. ನೀತಿ ಏನೆಂದರೆ, ಮುದ್ದೆ ಮಾಡುವಾಗ ನೀರು ಸ್ವಲ್ಪ ಮುಂದಾಗಿಯೇ ಇರಲಿ. ಗಟ್ಟಿಯಾದರೆ, ಹೇಳುವವರು ತಟ್ಟೆ ಖಾಲಿಯಾದಮೇಲೆ ಹೇಳಲಿ.

ಮುದ್ದೆ ಬುಟ್ಟಿಯಲ್ಲಿ, ಬುಟ್ಟಿ ಅಟ್ಟದಲ್ಲಿ, ಅಟ್ಟ ಜಗ್ಗಾಪುರದಲ್ಲಿ, ಜಗ್ಗಾಪುರ ಸ್ವಲ್ಪ ಪಡುವಣದಲ್ಲಿ. ಇನ್ನು ಏಳಿ. ಹೋಗುವವರು ಬಾಗಿಲು ಎಳೆದುಕೊಂಡು ಹೋಗಿ. ಮನೆಯಲ್ಲಿ ಯಾರಾದರೂ ಮುನಿಸಿಕೊಂಡು ಕೂತಿದ್ದರೆ, ಅಲ್ಲಿ ಮಾತ್ರ ತಳ್ಳಿಕೊಂಡು ಒಳಗೆ ಹೋಗಿ.